ಭಾನುವಾರದ ಹಾರಾಟ

ರಾಕೆಟ್ಟಿನ ಸರ್ಕ್ಯೂಟ್ ಬೋರ್ಡಿಗೆ ಬ್ಯಾಟರಿ ಸಿಕ್ಕಿಸಿದೆ. ರಾಕೆಟ್ ಕಳೆದ ಸಲ ಎಷ್ಟು ಎತ್ತರ ಹಾರಿತ್ತೆಂದು ಅದು ಬೀಪ್ ಸದ್ದಿನಲ್ಲಿ ಹೇಳುತ್ತದೆ. ಎಂಟು ಬೀಪ್, ಆಮೇಲೆ ಒಂದು, ಆಮೇಲೆ ಎರಡು. ಎಂಟುನೂರ ಹನ್ನೆರಡು ಮೀಟರ್.

ಈ ರಾಕೆಟ್ ಇನ್ನೂ ಹಾರಿಯೇ ಇಲ್ಲವೆಂದು ನಾನು ತಿಳಿದಿದ್ದೆ. ಅದರ ಪ್ಯಾರಾಚೂಟ್ ಬಿಚ್ಚಿಸುವ ಈ ಬೋರ್ಡನ್ನು ಜೋಡಿಸಿದವಳು ನಾನು. ಗಾಳಿ ಜಾಸ್ತಿ, ಭಾನುವಾರ ಹಾರಿಸುವುದಿಲ್ಲ ಎಂದು ನಮ್ಮ ರಾಕೆಟ್ ಕ್ಲಬ್ಬಿನ ಲೀಡರ್ ಮೆಸೇಜ್ ಕಳಿಸಿದ್ದ.

“ಭಾನುವಾರ ಹಾರಿಸಿದ್ರಾ?” ಎಂದು, ಬಂದು ಎದುರು ಕೂತ ಅವನನ್ನೇ ಕೇಳಿದೆ.

“ನಿನ್ನ ಬಿಟ್ಟು ಹಾರಿಸ್ತೀವೇನೇ, ಮೌನಗೌರಿ?” ಎಂದು ನಕ್ಕ. “ಬೋರ್ಡಿಗೆ ಹೊಸ ಸಾಫ್ಟ್‌ವೇರ್ ಬಂದಿದೆಯಂತೆ, ಬೇಗ ಹಾಕು. ನಮಗ್ಯಾರಿಗೂ ಅದು ಬರಲ್ಲ.”

ಹೊಸದನ್ನು ಹಾಕಿದರೆ ಹಳೆಯ ಹಾರಾಟದ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ಅದನ್ನು ಹೇಳಬೇಕಿತ್ತು. ನನ್ನನ್ನು ಬಿಟ್ಟು ಹಾರಿಸಿದ್ದು ಇದ್ದರೆಷ್ಟು, ಹೋದರೆಷ್ಟು ಎನ್ನಿಸಿ ಸುಮ್ಮನೆ ಬಟನ್ ಒತ್ತಿದೆ. ಪರದೆಯ ಮೇಲೆ ನೂರು ಪರ್ಸೆಂಟ್ ಆಯಿತು.

“ನಿಮ್ಮ ಭಾನುವಾರದ ಎಂಟುನೂರ ಹನ್ನೆರಡು ಮೀಟರ್ ಹೋಯ್ತು,” ಎಂದೆ. ನನ್ನ ದನಿ ಇಷ್ಟು ಗಟ್ಟಿಯಿದೆಯೆಂದು ನನಗೇ ಗೊತ್ತಿರಲಿಲ್ಲ.

“ಪೂರ್ತಿ ಹೋಯ್ತಾ? ವಾಪಸ್ ತೆಗೆಯೋಕಾಗಲ್ವಾ?”

“ಯಾರ ಕೈಲೂ ಆಗಲ್ಲ.”

ಅವನು ಸಮಾಧಾನದ ಉಸಿರು ಬಿಟ್ಟು ಕುರ್ಚಿಗೆ ಒರಗಿದ.

“ಅವತ್ತು ಪ್ಯಾರಾಚೂಟ್ ಬಿಚ್ಚಲಿಲ್ಲ ಕಣೇ. ರಾಕೆಟ್ ಕುರಿ ಮೇಯಿಸ್ತಿದ್ದ ಹೆಂಗಸಿನ ತಲೆ ಮೇಲೆ ಬಿತ್ತು, ಇವತ್ತು ಬೆಳಗ್ಗೆ ಆಸ್ಪತ್ರೇಲಿ ಜೀವ ಬಿಟ್ಲು. ಬೋರ್ಡು ತಗೊಂಡು ಹೋಗೋಕೆ ಪೊಲೀಸರು ಬರ್ತಿದ್ದಾರೆ, ದಾಖಲೆ ಅಳಿಸಿದ್ದು ಯಾರು ಅಂತ ಅವರಿಗೆ ನೀನೇ ಹೇಳು.”