ಇನ್ನೊಂದು ಸಮ

ಕಂಪ್ಯೂಟರ್ ಪ್ರಾಕ್ಟಿಕಲ್ ಪರೀಕ್ಷೆ ಮುಗಿಯಲು ಹತ್ತೇ ನಿಮಿಷ ಉಳಿದಿತ್ತು. ಹುಡುಗಿಯ ಪ್ರೋಗ್ರಾಂ ಮಾತ್ರ ಹಟ ಹಿಡಿದು ಕೂತಿತ್ತು. ಅದು ಸರಿಯಾಗಿ ಓಡದಿದ್ದರೆ ಅವಳು ಫೇಲು.

ಮೇಷ್ಟ್ರು ಕೊಟ್ಟಿದ್ದ ಪ್ರಶ್ನೆ ಸುಲಭದ್ದೇ. ತಮ್ಮ ಸಮಾಜದ ಹಾಸ್ಟೆಲಿಗೆ ಸೀಟು ಹಂಚುವ ಪ್ರೋಗ್ರಾಂ ಬರೆಯಬೇಕು. ಒಂದೊಂದು ಜಾತಿಗೆ ಒಂದೊಂದು ನಂಬರು, ಮೇಷ್ಟ್ರ ಜಾತಿಗೆ ಒಂದು. ಕೊಟ್ಟ ನಂಬರು ಒಂದಾಗಿದ್ದರೆ 'ಸೀಟು ಇದೆ' ಎಂದೂ ಇಲ್ಲದಿದ್ದರೆ 'ಸೀಟು ಇಲ್ಲ' ಎಂದೂ ಪರದೆಯ ಮೇಲೆ ಬರಬೇಕು.

ಅವಳು ನಾಲ್ಕು ಒತ್ತಿದಳು. ಸೀಟು ಇದೆ. ಒಂಬತ್ತು ಒತ್ತಿದಳು. ಸೀಟು ಇದೆ.

"ಥೂ, ಏನು ಕೊಟ್ರೂ ಇದೆ ಅಂತಾನೇ ಅನ್ನುತ್ತೆ ಸಾರ್!"

ಮೇಷ್ಟ್ರು ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು. "ಏನಮ್ಮಾ, ಹೌದೋ ಅಲ್ವೋ ಅಂತ ಕೇಳೋ ಇಫ್ ಸಾಲಲ್ಲಿ ಒಂದೇ ಸಮ ಚಿಹ್ನೆ ಹಾಕಿದ್ದೀಯಲ್ಲ! ವರ್ಷವೆಲ್ಲ ಬಡ್ಕೊಂಡೆ. ಒಂದೇ ಹಾಕಿದ್ರೆ ಅದು ನೀನ್ಯಾರು ಅಂತ ಕೇಳೋದೇ ಇಲ್ಲ. ಬಂದೋರನ್ನೆಲ್ಲ ಒಂದು ಮಾಡಿ ಒಳಗೆ ಬಿಟ್ಕೊಳ್ಳುತ್ತೆ."

"ಅದು ತಪ್ಪಾ ಸಾರ್?"

"ತಪ್ಪಲ್ದೆ ಮತ್ತೇನು? ಎರಡು ಹಾಕು. ಆಗ ಕೇಳುತ್ತೆ."

ಅವಳು ಇನ್ನೊಂದು ಸಮ ಹಾಕಿದಳು.

"ಹ್ಞೂಂ, ಈಗ ನಿಮ್ಮೋರ ನಂಬರೇ ಕೊಟ್ಟು ನೋಡು."

ಅವಳ ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಏಳು ಒತ್ತಿದಳು.

ಸೀಟು ಇಲ್ಲ.

"ನೋಡು, ಈಗ ಎಷ್ಟು ಚೆನ್ನಾಗಿ ಬಂತು!" ಎಂದು ಮೇಷ್ಟ್ರು ಹತ್ತಕ್ಕೆ ಹತ್ತು ಹಾಕಿದರು.