ಚೆಕ್ ಹಳ್ಳಿ

ಸ್ಕೆಚ್ ಪೆನ್ನಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಣ್ಣು ಬಾಗಿಲ ಚಿಲಕ ಹುಡುಕುತ್ತದೆ.

ಆಗ ನಾವು ದುಬೈಯ ಅಲ್ ನಹ್ದಾದಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದೆವು. ಅಪ್ಪನ ಕಂಪನಿ ಮುಚ್ಚಿ, ನಮ್ಮೆಲ್ಲರ ವೀಸಾ ಮುಗಿದಿತ್ತು. ಬೆಲ್ ಆದರೂ ಬಾಗಿಲು ತೆಗೆಯಬಾರದು ಎಂದಿದ್ದರು ಅಪ್ಪ. ನಾನು ಶಾಲೆಗೆ ಹೋಗದೆ ತಿಂಗಳಾಗಿತ್ತು. ಆದರೂ ಅಲ್ಲಿ ನನ್ನ ಪಾಲಿಗೆ ಬಂದಿದ್ದ ಪ್ರಾಜೆಕ್ಟನ್ನು ಬಿಟ್ಟಿರಲಿಲ್ಲ. ಅದು ಚೆಕ್ ದೇಶದ ಒಂದು ಸಣ್ಣ ಹಳ್ಳಿಯ ಚಿತ್ರ, ಕೆಳಗೆ ಆ ಹಳ್ಳಿಯ ಕತೆ. ಆ ಮಧ್ಯಾಹ್ನ ಕರ್ಟನ್ ಎಳೆದ ಕೋಣೆಯಲ್ಲಿ ಕೂತು ಸುತ್ತ ಗುಡ್ಡ, ನಡುವೆ ಕೆರೆ, ಪಕ್ಕದಲ್ಲಿ ಹಳೆಯ ಇಗರ್ಜಿ ಸ್ಕೆಚ್ ಪೆನ್ನಿನಲ್ಲಿ ಬರೆದೆ. ಹಾಳೆಯ ಮೇಲಿನ ಹೆಸರನ್ನು ಜೋರಾಗಿ ಓದಿದೆ: "ಚೆಕ್..."

ಹಿಟ್ಟು ಕಲಸುತ್ತಿದ್ದ ಅಮ್ಮ ಓಡಿಬಂದು ಅದೇ ಕೈಯಿಂದ ನನ್ನ ಬಾಯಿ ಮುಚ್ಚಿದಳು. "ಚೆಕ್ಕಿಂಗಾ? ಪೊಲೀಸರು ಕೆಳಗೆ ಬಂದಿದ್ದಾರಾ?"

ಆ ಕೈ ಸರಿಸಿ ಹೇಳಿದೆ: "ಇಟ್ಸ್ ಎ ಕಂಟ್ರಿ, ಅಮ್ಮ."

ಅವಳು ನನ್ನ ಪಕ್ಕ ಬಂದು ಕೂತಳು. ನಗಲಿಲ್ಲ. "ಓದು, ಮೆಲ್ಲ."

ದಂಡು ಬಂದು ಊರು ಸುಟ್ಟರೂ ಜನ ಅಲ್ಲೇ ಮತ್ತೆ ಮನೆ ಕಟ್ಟಿದರು ಎಂದು ಪಿಸುಗುಟ್ಟಿದೆ. ಅಮ್ಮ ಗುಡ್ಡಗಳನ್ನೇ ನೋಡುತ್ತಿದ್ದಳು.

"ಹೊರಗೆ ಹೋಗ್ಲಿಕ್ಕೆ ದಾರಿ ಉಂಟಾ?"

"ಒನ್ ರೋಡ್" ಎಂದು ಸಣ್ಣ ಗೆರೆ ತೋರಿಸಿದೆ.

"ಅದನ್ನು ದಪ್ಪ ಮಾಡು, ಮಗಾ."