ಝೀರೋ ಬಲ್ಬಿನ ಪಾಲು

ಗುಜರಿ ಅಂಗಡಿಯ ರಜಾಕ್ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ನನ್ನ ಅಂಗೈಯಲ್ಲಿಟ್ಟ. ಹೆಸರು ಹೇಳಿಕೊಳ್ಳಲಾಗದವರ ಮಾತುಗಳನ್ನು ಗುಟ್ಟಾಗಿ ದಾಟಿಸುವ ಪೆಟ್ಟಿಗೆ ಅದು.

“ಅಗ್ಗ ಅಂತ ಹಳೇ ಕಂಪ್ಯೂಟರ್ ತಗೋಬೇಡಿ ಅಕ್ಕಾ. ಕರೆಂಟ್ ಜಾಸ್ತಿ ಕುಡಿದ್ರೆ ಮೀಟರ್‌ಗೆ ಗೊತ್ತಾಗಿಬಿಡುತ್ತೆ. ಇದು ಝೀರೋ ಬಲ್ಬಿನಷ್ಟೇ.”

ಹಾಗೆ ಸಿಕ್ಕಿಬಿದ್ದ ಎದುರುಮನೆಯವರು ಮರಳಿಲ್ಲ. ಮನೆಮನೆಗೂ ಸರ್ಕಾರ ಹಾಕಿಸಿದ ಮಾತಾಡುವ ಮೀಟರ್ ಮಾತ್ರ ಅವರ ಖಾಲಿ ಮನೆಯಲ್ಲಿ ಇನ್ನೂ “ಊಟ ಆಯ್ತಾ?” ಎಂದು ಕೇಳುತ್ತಿರುತ್ತದೆ.

ಮಗಳ ಕೋಣೆಯ ಝೀರೋ ಬಲ್ಬು ಬಿಚ್ಚಿ, ಅದರ ಬದಲು ಪೆಟ್ಟಿಗೆ ಸಿಕ್ಕಿಸಿದೆ. ಕತ್ತಲೆಂದರೆ ಹೆದರುವ ಇಂಚರಾ ನನ್ನ ಸೆರಗು ಹಿಡಿದು ಮಲಗಿದಳು.

ಎಂದಿನಂತೆ ಗೋಡೆಯ ಮೀಟರ್ ಅಕ್ಕರೆಯಿಂದ ಕೇಳಿತು: “ಪುಟ್ಟೀ, ದೀಪ ಉರೀತಿದೆಯಾ?”

ನಾನು ಸುಳ್ಳು ಹೇಳುವುದನ್ನು ಅವಳಿಗೆ ಕಲಿಸಿರಲಿಲ್ಲ.

“ಹೂಂ,” ಎಂದಳು ಮಗಳು. “ಗೋಡೆ ಮೇಲೆ ಅಮ್ಮನ ನೆರಳೂ ಕಾಣ್ತಿದೆ.”